ತಿನ್ನೋರ ಮನೆಯ ತಿನ್ನದವಳು

ಮೊನ್ನೆ ಬೆಳಿಗ್ಗೆ ಕುಕ್ಕರಿನ ರಬ್ಬರು ತೊಳೆಯುತ್ತಿದ್ದಾಗ ಭದ್ರಾವತಿಯಿಂದ ಅಣ್ಣನ ಫೋನು ಬಂತು. ಕೈಯೆಲ್ಲ ಸೋಪು. ಬೆರಳ ಗೆಣ್ಣಿನಿಂದ ಒತ್ತಿ, ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ನಿಲ್ಲಿಸಿಕೊಂಡೆ. ಅಣ್ಣ ಬೆಳಗಿನ ಹೊತ್ತು ಫೋನು ಮಾಡುವವನಲ್ಲ. ಮಾಡಿದನೆಂದರೆ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದೇ ಅರ್ಥ.

"ನಿನ್ನ ರೋಗ ನಮ್ಮನೆಗೂ ಬಂತು ಮಾರಾಯ್ತಿ."

"ಯಾವ ರೋಗನೋ? ಮಂಡಿ ನೋವಾ?"

"ಮಂಡಿ ನೋವಾಗಿದ್ರೆ ಎಣ್ಣೆ ಹಚ್ತಿದ್ದೆ. ಪುಟ್ಟಿ ತಿನ್ನಲ್ಲ ಅಂತಿದಾಳೆ."

ಪುಟ್ಟಿ ಎಂದರೆ ಅಣ್ಣನ ಮೊಮ್ಮಗಳು, ಎರಡನೇ ಕ್ಲಾಸು. ಶಾಲೆಯಲ್ಲಿ ಅವಳಿಗೆ ನಮ್ಮ ನಾಲಿಗೆಗೆ ಹೊರಳದ ಹೊಸ ಹೆಸರೊಂದಿದೆ. ತೊಟ್ಟಿಲಿಗೆ ಹಾಕುವಾಗ ಕಿವಿಯಲ್ಲಿ ಹೇಳಿದ ಹೆಸರು ಮಾತ್ರ ನಿಂಗಮ್ಮ, ನಮ್ಮ ಅಜ್ಜಿಯದು. ಅಣ್ಣನ ಸಂಕಟ ಏನೆಂದು ನನಗೆ ಆಗಲೇ ಗೊತ್ತಾಯಿತು. ಹಿರಿಯರ ಹಬ್ಬ ಹತ್ತಿರ ಬರುತ್ತಿತ್ತು. ಅಜ್ಜಿಯ ಎಡೆಯನ್ನು ಮೊದಲು ಮುಟ್ಟಿ ತಿನ್ನಬೇಕಾದವಳು ಅಜ್ಜಿಯ ಹೆಸರು ಹೊತ್ತವಳು.

"ಏನ್ ಮಾಡ್ಲಿ ಹೇಳು. ನಿಂಗೇ ಗೊತ್ತಿರೋದು."

"ಕೈ ತೊಳ್ಕೊಂಡು ಮಾಡ್ತೀನಿ ಇರು," ಎಂದು ಇಟ್ಟೆ. ಕೈ ತೊಳೆದುಕೊಂಡ ಮೇಲೂ ಮಾಡಲಿಲ್ಲ. ಅಡುಗೆಮನೆಯಿಂದ ಮುಂದಿನ ಕೋಣೆಗೆ, ಅಲ್ಲಿಂದ ಹಿಂದಿನ ಬಾಗಿಲಿಗೆ ಓಡಾಡಿದೆ. ಒಣಗಿದ ಬಟ್ಟೆ ಮಡಿಸಲು ಶುರು ಮಾಡಿ ಅರ್ಧಕ್ಕೆ ಬಿಟ್ಟೆ. ಒಲೆಯ ಮೇಲಿದ್ದ ಹಾಲು ಉಕ್ಕಿತು. ನಾನು ಏಳು ವರ್ಷದವಳಿದ್ದಾಗಲೂ ಹೀಗೇ, ಒಂದು ಕಡೆ ಕೂತರೆ ಇನ್ನೊಂದು ಕಡೆ ಎದ್ದು ಹೋಗಬೇಕೆನ್ನಿಸುವ ಒಂದು ಮಳೆಗಾಲವನ್ನು ಕಳೆದಿದ್ದೆ. ಅದೆಲ್ಲ ಕಾಲಿಗೆ ಇನ್ನೂ ನೆನಪಿದೆ ಅನ್ನಿಸಿತು.

ನಮ್ಮ ಕಡೆ 'ತಿನ್ನೋದು' ಎನ್ನುವ ಮಾತಿಗೆ ಏನನ್ನು ಎಂದು ಹೇಳಬೇಕಾಗಿಲ್ಲ. ಮುದ್ದೆ ಉಣ್ಣುತ್ತೇವೆ, ಅನ್ನ ಉಣ್ಣುತ್ತೇವೆ, ಬಾಳೆಹಣ್ಣು ತಿನ್ನುತ್ತೇವೆ. ಆದರೆ ಬರೀ 'ತಿಂತೀರಾ?' ಎಂದು ಕೇಳಿದರೆ ಅದು ಮಾಂಸದ ಮಾತು. ಬಾಡಿಗೆ ಮನೆ ಕೇಳಲು ಹೋದಾಗ, ಹುಡುಗಿ ನೋಡಲು ಬಂದಾಗ, ರೈಲಿನಲ್ಲಿ ಪಕ್ಕದವರು ಬುತ್ತಿ ಬಿಚ್ಚುವ ಮೊದಲು, ಅದೇ ಪ್ರಶ್ನೆ: 'ನೀವು ತಿನ್ನೋರಾ?' ಆ ಒಂದು ಮಾತಿನೊಳಗೆ ಜಾತಿ, ಮನೆದೇವರು, ಯಾರ ಮನೆಯ ನೀರನ್ನು ಯಾರು ಕುಡಿಯಬಹುದು ಎನ್ನುವುದೆಲ್ಲ ಮಡಚಿಟ್ಟಿರುತ್ತದೆ. ಪುಟ್ಟಿ ಅಣ್ಣನಿಗೆ ಹೇಳಿದ್ದು 'ನಾನು ವೆಜ್' ಎಂದಿರಬೇಕು. ಅದು ಹೋಟೆಲಿನ ಮೆನು ಕಾರ್ಡಿನ ಪದ, ಇವತ್ತು ಈ ಪುಟ, ನಾಳೆ ಆ ಪುಟ. ನನಗೆ ಆ ಪದದ ಅನುಕೂಲ ಇರಲಿಲ್ಲ. ನನ್ನ ಬಳಿ ಇದ್ದದ್ದು 'ತಿನ್ನಲ್ಲ' ಒಂದೇ. ತಿನ್ನೋರ ಮನೆಯೊಳಗೆ ನಿಂತು ಹಾಗೆಂದರೆ ನಾನು ಈ ಮನೆಯವಳಲ್ಲ ಎಂದಂತೆಯೇ ಆಗುತ್ತದೆಂದು ಹೇಳುವಾಗ ನನಗೆ ಗೊತ್ತಿರಲಿಲ್ಲ.

ಆಗ ನಾವಿದ್ದದ್ದು ಭದ್ರಾವತಿಯಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಒಂದೇ ಸೂರಿನ ಕೆಳಗೆ ಸಾಲಾಗಿ ಮನೆಗಳು. ನಡುವಿನ ಗೋಡೆ ಎಷ್ಟು ತೆಳುವೆಂದರೆ ಪಕ್ಕದ ಮನೆಯ ಒಗ್ಗರಣೆಗೆ ನಮ್ಮ ಮನೆಯಲ್ಲಿ ಸೀನು ಬರುತ್ತಿತ್ತು. ಎಡಗಡೆ ಶಾಂತಕ್ಕನ ಮನೆ: ವಿಭೂತಿ ಹಚ್ಚಿ ಪೂಜೆ ಮುಗಿಸುವ ತನಕ ಕಾಫಿಯನ್ನೂ ಬಾಯಿಗಿಡದ ತಿನ್ನದೋರು. ಅವರ ಮಗಳು ಗಿರಿಜಾ ನನ್ನ ಕ್ಲಾಸು. ಬಲಗಡೆ ಸೆಲ್ವಿ ಅಕ್ಕನ ಮನೆ, ತಮಿಳರು, ತಿನ್ನುವುದರಲ್ಲಿ ನಮ್ಮನ್ನು ಮೀರಿಸಿದವರು. ನಡುವೆ ನಾವು: ಅಪ್ಪ, ಅಮ್ಮ, ಅಪ್ಪನ ತಾಯಿ ನಿಂಗಜ್ಜಿ, ಅಣ್ಣ ಮಂಜ ಮತ್ತು ನಾನು. ಮುಂದೆ ಒಂದು ಕೋಣೆ, ಹಿಂದೆ ಅಡುಗೆಮನೆ, ಎರಡರ ಮಧ್ಯೆ ಎಲ್ಲಕ್ಕೂ ಆಗುವ ನಡುಮನೆ. ನಾವು ಉಣ್ಣುತ್ತಿದ್ದದ್ದು, ಓದುತ್ತಿದ್ದದ್ದು, ಅಜ್ಜಿ ಎಲೆ ಅಡಿಕೆ ಕುಟ್ಟುತ್ತಿದ್ದದ್ದು, ಮಲಗುತ್ತಿದ್ದದ್ದು ಎಲ್ಲ ಅಲ್ಲೇ. ಅಲ್ಲಿ ಪ್ರತಿಯೊಬ್ಬರಿಗೂ ಕೂರುವ ಜಾಗ ಗೊತ್ತಿತ್ತು. ನನ್ನದು ಅಪ್ಪನ ಎಡಕ್ಕೆ, ಗೋಡೆಯ ಎಣ್ಣೆ ಕಲೆಗೆ ತಲೆ ತಾಗುವ ಹಾಗೆ. ಆ ಕಲೆ ನನ್ನ ತಲೆಯದ್ದೇ.

ಅಪ್ಪ ಕಬ್ಬಿಣ ಎರಕ ಹೊಯ್ಯುವ ಫೌಂಡ್ರಿಯಲ್ಲಿದ್ದ. ವಾರವೆಲ್ಲ ಸೈರನ್ನು ಹೇಳಿದಂತೆ ಎದ್ದು, ಸೈರನ್ನು ಹೇಳಿದಂತೆ ಉಂಡು, ಹತ್ತು ಮಾತಾಡದ ಮನುಷ್ಯ. ಆದರೆ ಭಾನುವಾರ ಹಿತ್ತಿಲಿನಲ್ಲಿ ಬ್ಲೋಲ್ಯಾಂಪು ಹೊತ್ತಿಸಿ ಕೂತನೆಂದರೆ ಸಾಲುಮನೆಗೆಲ್ಲ ಅವನೇ ಯಜಮಾನ. ಹಿತ್ತಾಳೆ ಹೊಟ್ಟೆಯ ಆ ದೀಪಕ್ಕೆ ಸೀಮೆಎಣ್ಣೆ ತುಂಬಿ ಪಂಪು ಹೊಡೆದರೆ ಮೂತಿಯಿಂದ ಭುಸ್ ಎಂದು ನೀಲಿ ಉರಿ ಬರುತ್ತಿತ್ತು. ಅದರಲ್ಲಿ ಕುರಿಯ ಕಾಲುಗಳನ್ನು ಸುಡುವುದು. ಕೂದಲು ಚುರುಗುಟ್ಟಿ ಮುದುಡಿ ಉದುರಿದ ಮೇಲೆ ಹಳೇ ಚಾಕುವಿನಿಂದ ಕೆರೆದು, ಅರಿಶಿನ ಸವರಿ ಅಮ್ಮನ ಕೈಗೆ ಕೊಡುವುದು. ಬೇರೆಯವರು ಒಲೆ ಕೆಂಡದಲ್ಲಿ ಸುಟ್ಟರೆ ಒಂದು ಕಡೆ ಕರಿ, ಒಂದು ಕಡೆ ಹಸಿ. ಅಪ್ಪ ಸುಟ್ಟರೆ ಗೊರಸಿನ ಸಂದಿಯೂ ಶುದ್ಧ. ಹಾಗಾಗಿ ಸೆಲ್ವಿ ಅಕ್ಕನ ಗಂಡನಿಂದ ಹಿಡಿದು ಹಿಂದಿನ ಸಾಲಿನವರ ತನಕ ಎಲ್ಲರೂ ತಮ್ಮ ತಮ್ಮ ಕಾಲು ಹಿಡಿದು ನಮ್ಮ ಹಿತ್ತಿಲಿಗೆ ಬರುತ್ತಿದ್ದರು. ಇಕ್ಕಳದಲ್ಲಿ ಕಾಲನ್ನು ಹಿಡಿದು ಉರಿಗೆ ತಿರುಗಿಸಿ ಕೊಡುವ ಕೆಲಸ ನನ್ನದು. 'ಎಡಕ್ಕೆ', 'ಸಾಕು', 'ಗೊರಸು ತೋರ್ಸು' ಎಂದು ಅಪ್ಪ ವಾರದ ಮಾತನ್ನೆಲ್ಲ ನನ್ನೊಬ್ಬಳ ಹತ್ತಿರ ಆಡಿ ಮುಗಿಸುತ್ತಿದ್ದ. ಮಂಜ ಕೇಳಿದರೂ ಇಕ್ಕಳ ಕೊಡುತ್ತಿರಲಿಲ್ಲ.

ಆ ಮಳೆಗಾಲದಲ್ಲಿ ಒಂದು ಸಂಜೆ ಕರೆಂಟು ಹೋಯಿತು. ಬುಡ್ಡಿದೀಪ ಹಚ್ಚಿಟ್ಟು ನಾನು ಮಗ್ಗಿ ಓದುತ್ತಿದ್ದೆ. ಬಗ್ಗಿ ಬಗ್ಗಿ ಹಣೆಯ ಮೇಲಿನ ಕೂದಲು ದೀಪಕ್ಕೆ ತಾಗಿ ಚುರ್ ಎಂದಿತು. ಅಮ್ಮ ಓಡಿಬಂದು ಸೆರಗಿನಿಂದ ಒತ್ತಿದಳು. ಏನೂ ಆಗಿರಲಿಲ್ಲ, ಚರ್ಮಕ್ಕೆ ಬಿಸಿಯೂ ತಟ್ಟಿರಲಿಲ್ಲ. ಮೂಲೆಯಲ್ಲಿ ಅಡಿಕೆ ಕುಟ್ಟುತ್ತಿದ್ದ ಅಜ್ಜಿ ಮೂಗು ಮೇಲೆತ್ತಿ ಅಂದಳು:

"ಏನೇ, ಇವತ್ತೇ ಭಾನುವಾರ ಬಂತಾ?"

ಎಲ್ಲರೂ ನಕ್ಕರು. ಅಪ್ಪ ಕೂಡ ನಕ್ಕ. ನಾನೂ ನಕ್ಕೆ. ನಕ್ಕು, ಹಣೆ ಮುಟ್ಟಿಕೊಂಡೆ. ಸುಟ್ಟ ಕೂದಲು ಬೆರಳಿಗೆ ಪುಡಿಪುಡಿಯಾಗಿ ಬಂತು. ಮೂಸಿದೆ. ಅಜ್ಜಿ ತಮಾಷೆ ಮಾಡಿರಲಿಲ್ಲ. ಅದು ಭಾನುವಾರದ ಹಾಗಿನ ವಾಸನೆಯಲ್ಲ, ಭಾನುವಾರವೇ. ನನ್ನ ಹಣೆಗೂ ಇಕ್ಕಳದಲ್ಲಿನ ಕಾಲಿಗೂ ಒಂದೇ ವಾಸನೆ. ಊಟದ ಹೊತ್ತಿಗೆ ಎಲ್ಲರೂ ಅದನ್ನು ಮರೆತರು. ನಾನು ಮಾತ್ರ ನನ್ನ ಮೊಣಕೈ, ಕಾಲಿನ ಹಿಮ್ಮಡಿ, ಮಂಜನ ಕಿವಿ ಎಲ್ಲವನ್ನೂ ಅಡುಗೆಯ ಸಾಮಾನಿನ ಹಾಗೆ ನೋಡುತ್ತಾ ಮಲಗಿದೆ. ಮುಂದಿನ ಭಾನುವಾರ ಅಪ್ಪ ಕರೆದಾಗ ಇಕ್ಕಳ ಹಿಡಿದೆ. ಕೆಲಸ ಮುಗಿಸಿದೆ. ತಟ್ಟೆಯ ಮುಂದೆ ಕೂತು ಹೇಳಿದೆ:

"ನಾನು ತಿನ್ನಲ್ಲ."

ಮೊದಲು ಆದದ್ದು ತಪ್ಪು ತಿಳಿವಳಿಕೆ. ತಿನ್ನೋರ ಮನೆಯ ಮಗು ಹಾಗೆಂದರೆ ಹೊಟ್ಟೆ ಕೆಟ್ಟಿದೆ ಎಂದೇ ಅರ್ಥ. ಅಜ್ಜಿ ಓಮದ ಕಷಾಯ ಕುಡಿಸಿದಳು. ಅಮ್ಮ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮೂರು ಹೊತ್ತೂ ಗಂಜಿ. ಆ ಗಂಜಿಯ ಜೊತೆಗೆ ಮತ್ತೊಂದು ಭಾನುವಾರ ಬಂತು, ಮತ್ತೊಂದು ಸಲ ಅದೇ ಮಾತು ಹೇಳಿದೆ.

"ಇನ್ನೂ ಹೊಟ್ಟೆ ನೋವಾ?"

"ಹೊಟ್ಟೆ ನೋವಿಲ್ಲ. ತಿನ್ನಲ್ಲ ಅಷ್ಟೆ. ಯಾವತ್ತೂ ತಿನ್ನಲ್ಲ."

ಅಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅವಳು ನನ್ನನ್ನು ನೋಡಲಿಲ್ಲ, ಎಡಗಡೆಯ ಗೋಡೆಯನ್ನು ನೋಡಿದಳು. ಗೋಡೆಯಾಚೆ ಶಾಂತಕ್ಕನ ಮನೆಯಲ್ಲಿ ಯಾರೋ ಘಂಟೆ ಅಲ್ಲಾಡಿಸುತ್ತಿದ್ದರು.

"ಯಾರು ಹೇಳ್ಕೊಟ್ರು ನಿಂಗೆ? ಗಿರಿಜಾ ಏನಾದ್ರೂ ಅಂದ್ಲಾ? ನಮ್ಮನೆ ಊಟ ಅಂದ್ರೆ ನಾಚ್ಕೆ ಆಗುತ್ತಾ?"

ನಾನು ಹೂಂ ಎಂದೆ. ಗಿರಿಜಾ ಏನೂ ಅಂದಿರಲಿಲ್ಲ, ನನಗೆ ನಾಚಿಕೆಯೂ ಇರಲಿಲ್ಲ. ಆದರೆ ಕೂದಲಿನ ಮಾತು ಬಾಯಿಗೆ ಬರಲಿಲ್ಲ. ಅದನ್ನು ಹೇಳಿದರೆ ಆ ಸಂಜೆಯಂತೆ ಎಲ್ಲರೂ ಮತ್ತೊಮ್ಮೆ ನಗುತ್ತಾರೆ, ನಾನೂ ನಕ್ಕುಬಿಡುತ್ತೇನೆ, ನಕ್ಕಮೇಲೆ ತಿನ್ನಬೇಕಾಗುತ್ತದೆ. ಹಾಗಾಗಿ ಯಾರು ಯಾವ ಕಾರಣ ಕೊಟ್ಟರೂ ಒಪ್ಪಿಕೊಂಡೆ. ಉರಿ ಕಂಡು ಹೆದರಿದೆಯಾ ಎಂದು ಅಪ್ಪ ಕೇಳಿದ, ಹೂಂ. ಯಾವ ಸಾಮಿಗೆ ಹರಕೆ ಕಟ್ಟಿಕೊಂಡಿದ್ದೀಯ ಎಂದು ಸೆಲ್ವಿ ಅಕ್ಕ ಕೇಳಿದಳು, ಅದಕ್ಕೂ ಹೂಂ. "ಐಯೋ, ಚಿನ್ನ ಪುಳ್ಳೆ, ಸಣ್ಣ ಕೂಸು, ಈ ವಯಸ್ಸಿಗೇ ಹರಕೆಯಾ," ಎಂದು ಕೆನ್ನೆ ಹಿಂಡಿ ಎರಡು ಬಾಳೆಹಣ್ಣು ಕೊಟ್ಟಳು. ಮಂಜನೊಬ್ಬನೇ ಕಾರಣ ಕೇಳಲಿಲ್ಲ.

"ಕಾರಣ ಏನಾದ್ರೂ ಇರ್ಲಿ. ಇವಳ ಪೀಸು ನಂಗೆ. ಈಗ್ಲೇ ಹೇಳಿದೀನಿ."

ಮನೆಯಲ್ಲಿ ಹೀಗೆ ಹಲವು ಕಾರಣಗಳಾದವು. ಯಾವುದೂ ಒಂದಕ್ಕೊಂದು ಹೊಂದದೆ ಅಮ್ಮ ಅಪ್ಪ ಅವುಗಳ ಮೇಲೇ ಜಗಳವಾಡಿದರು. ನಾನು ಕೂರುವ ಜಾಗವೂ ತಪ್ಪಿತು. ಸಾರಿನ ಪಾತ್ರೆ ಅಪ್ಪನ ಮುಂದಿರುತ್ತಿದ್ದರಿಂದ ನನ್ನನ್ನು ಬಾಗಿಲ ಹತ್ತಿರ ಕೂರಿಸಿದರು. ಅಲ್ಲಿ ಓಡಾಡುವವರ ಕಾಲಿಗೆ ಸಿಗುತ್ತೇನೆಂದು ಅಡುಗೆಮನೆಯ ಹೊಸ್ತಿಲಿಗೆ ಕಳಿಸಿದರು. ಹೊಸ್ತಿಲ ಮೇಲೆ ಕೂರಬಾರದೆಂದು ಅಜ್ಜಿ ಎಬ್ಬಿಸಿದಳು. ತಟ್ಟೆ ಕೈಯಲ್ಲಿ ಹಿಡಿದು ನಿಂತು ಉಂಡೆ, ನಡೆಯುತ್ತಾ ಉಂಡೆ, ಮಜ್ಜಿಗೆ ಅನ್ನ ಉಪ್ಪಿನಕಾಯಿಯನ್ನು ಮುಂದಿನ ಮೆಟ್ಟಿಲ ಮೇಲೂ ಉಂಡೆ. ಭಾನುವಾರ ಅಪ್ಪ ಪಂಪು ಹೊಡೆಯುವ ಸದ್ದು ಕೇಳಿದರೆ ರಸ್ತೆಯ ಕೊನೆಯ ನಲ್ಲಿಯ ತನಕ ಹೋಗಿ ಬರುತ್ತಿದ್ದೆ. ಇಕ್ಕಳ ಮಂಜನ ಕೈಗೆ ಹೋಯಿತು. 'ಎಡಕ್ಕೆ ಅಂದ್ರೆ ಎಡಕ್ಕೆ ಕಣೋ' ಎಂದು ಅಪ್ಪ ಅವನಿಗೆ ಬೈಯುವುದು ನಲ್ಲಿಯ ತನಕ ಕೇಳಿಸುತ್ತಿತ್ತು.

ಅಜ್ಜಿ ಮಾತ್ರ ಇದರಲ್ಲಿ ಸೇರಲಿಲ್ಲ. ಕುಟ್ಟಾಣಿ ನಿಲ್ಲಿಸದೆ ಒಂದೇ ಮಾತು ಹೇಳುತ್ತಿದ್ದಳು:

"ಈಗ ಬೇಡ ಅಂದ್ರೆ ಬೇಡ. ಹಿರೇರ ಹಬ್ಬ ಬರ್ಲಿ. ಅವತ್ತು ಬಾಯಿ ನಿಂದಲ್ಲ, ಅವಳ್ದು."

ಅವಳು ಎಂದರೆ ಚಂದ್ರಿ, ಅಪ್ಪನ ತಂಗಿ. ಆಯನೂರಿನ ಹತ್ತಿರದ ಹಳ್ಳಿಯಲ್ಲಿ ಅಜ್ಜಿಯ ಸಂಸಾರ ಇದ್ದ ಕಾಲದಲ್ಲಿ ಚಿಕ್ಕವಳಿದ್ದಾಗಲೇ ಜ್ವರದಲ್ಲಿ ಹೋದವಳು. ಅವಳ ಹೆಸರನ್ನು ನನಗಿಟ್ಟಿದ್ದರು. ಅದಕ್ಕೇ ಅಜ್ಜಿ ನನ್ನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಕೂಸೆ ಎನ್ನುತ್ತಿದ್ದಳು. ಹಬ್ಬದ ದಿನ ಸತ್ತವರಿಗೆ ಒಂದೊಂದು ಬಾಳೆಲೆ, ಬದುಕಿದ್ದಾಗ ಅವರಿಗೆ ಇಷ್ಟವಾಗಿದ್ದ ಅಡುಗೆ. ಆಮೇಲೆ ಹೆಸರು ಹೊತ್ತವರು ಆ ಎಡೆಯಿಂದ ಮೊದಲ ತುತ್ತು ತಿನ್ನಬೇಕು. ಅವರ ಬಾಯಿಂದಲೇ ಸತ್ತವರಿಗೆ ಮುಟ್ಟುವುದು. ಚಂದ್ರಿಗೆ ಕಾಲಿನ ಮೂಳೆ ಇಷ್ಟ. ಪ್ರತಿ ವರ್ಷ ಅದನ್ನು ನಾನೇ ಚೀಪಿದ್ದೆ, ಸಂತೋಷವಾಗಿ ಚೀಪಿದ್ದೆ. ಈ ವರ್ಷ ನಾನು ಚೀಪದಿದ್ದರೆ ಅವಳು ಉಪವಾಸ. ಏಳು ವರ್ಷದ ನನಗೆ ಅದು ಕಥೆಯಲ್ಲ, ಪಕ್ಕದ ಕೋಣೆಯಲ್ಲಿ ಒಬ್ಬ ಹುಡುಗಿ ಹಸಿದು ಕೂತಷ್ಟು ನಿಜ.

ತಿನ್ನೋರ ಮನೆಯಲ್ಲಿ ಜಾಗವಿಲ್ಲದಿದ್ದರೆ ತಿನ್ನದೋರ ಮನೆಯಲ್ಲಿ ಇರಬೇಕಲ್ಲ ಎಂದು ನನಗೆ ನಾನೇ ಲೆಕ್ಕ ಹಾಕಿದ್ದೆ. ಅಷ್ಟು ವರ್ಷ ಗಿರಿಜಾಳ ಮನೆಯಲ್ಲಿ ನನಗೆ ಏನು ಕೊಟ್ಟರೂ ಮುಂದಿನ ಪಡಸಾಲೆಯಲ್ಲೇ. ಒಳಗೆ ಗಿರಿಜಾ ಅಡುಗೆಮನೆಯ ಒಲೆ ಹತ್ತಿರ ಕೂತು ಬಿಸಿ ರೊಟ್ಟಿ ತಿನ್ನುವುದು ಬಾಗಿಲಿಂದ ಕಾಣುತ್ತಿತ್ತು. ಒಂದು ದಿನ ಶಾಲೆಯಿಂದ ನೇರ ಅಲ್ಲಿಗೆ ಹೋಗಿ, ಕೈಕಾಲು ತೊಳೆದುಕೊಂಡು, ಒಳಬಾಗಿಲಲ್ಲಿ ನಿಂತು ಹೇಳಿದೆ:

"ಶಾಂತಕ್ಕ, ನಾನೀಗ ತಿನ್ನಲ್ಲ."

"ಗೊತ್ತಾಯ್ತು ಕಣೇ. ಗೋಡೆಗೆ ಕಿವಿ ಇದೆಯಲ್ಲ. ಒಳ್ಳೇದಾಯ್ತು ಬಿಡು. ಬಾ, ಕೂತ್ಕೋ, ರೊಟ್ಟಿ ಕೊಡ್ತೀನಿ."

ಕೂತ್ಕೋ ಎಂದು ತೋರಿಸಿದ್ದು ಪಡಸಾಲೆಯನ್ನೇ. ರೊಟ್ಟಿಯ ಮೇಲೆ ಬೆಣ್ಣೆ ಎಂದಿಗಿಂತ ದೊಡ್ಡದಿತ್ತು. ಒಳಗಿನಿಂದ ಶಾಂತಕ್ಕನ ಅತ್ತೆ, ಆ ಹುಡುಗಿಯೂ ಬಿಟ್ಟಿದಾಳಂತಲ್ಲ, ಒಳಗೇ ಕರಿಬೇಕಿತ್ತೇನೋ ಎಂದು ಕೇಳಿದರು. ಶಾಂತಕ್ಕ ದನಿ ತಗ್ಗಿಸಿ ಹೇಳಿದ್ದು ನನಗೆ ಚೆನ್ನಾಗಿ ಕೇಳಿಸಿತು, ಅವಳೇ ಅಂದಂತೆ ಗೋಡೆಗೆ ಕಿವಿ.

"ತಿನ್ನೋದನ್ನ ಬಾಯಿ ಬಿಟ್ಟಿದೆ ಅತ್ತೆ. ಕೈ ಅವರ ಮನೇದೇ ಅಲ್ವಾ."

ಶಾಂತಕ್ಕ ಕೆಟ್ಟವಳಲ್ಲ. ನನಗೆ ಹೆರಿಗೆ ಆದಾಗ ಭದ್ರಾವತಿಯಿಂದ ತುಪ್ಪ ಹೊತ್ತು ತಂದವಳು. ಆದರೆ ಆ ದಿನ ರೊಟ್ಟಿ ಹಿಡಿದ ನನ್ನ ಕೈಯನ್ನು ನೋಡಿಕೊಂಡೆ. ಉಗುರಿನ ಸಂದಿಯಲ್ಲಿ ನಮ್ಮನೆ ಉಪ್ಪಿನಕಾಯಿಯ ಅರಿಶಿನವಿತ್ತು. ಬೆಣ್ಣೆ ನೆಕ್ಕಿ, ರೊಟ್ಟಿಯನ್ನು ಹಾಗೇ ಹಿಡಿದು ಎದ್ದು ಬಂದೆ. ಎರಡು ಮನೆಯ ನಡುವಿನ ಚರಂಡಿಯ ಕಲ್ಲಿನ ಮೇಲೆ ನಿಂತು ತಿಂದೆ. ಅದು ಯಾರ ಮನೆಯ ಜಾಗವೂ ಅಲ್ಲ.

ಇನ್ನು ಅಮ್ಮನಿಗೆ ಬೇರೆ ಭಯ. ಮಗು ಸೊರಗುತ್ತದೆ, ಹೆಣ್ಣುಮಗು, ಮುಂದೆ ಹೇಗೆ. ಒಂದು ರಜೆಯಲ್ಲಿ ಬಸ್ಸು ಹತ್ತಿಸಿ ಶಿವಮೊಗ್ಗಕ್ಕೆ, ರವೀಂದ್ರನಗರದ ತನ್ನ ಅಣ್ಣನ ಮನೆಗೆ ಕರೆದುಕೊಂಡು ಹೋದಳು. ಆ ಮನೆಯ ಹಿಂದಿನ ರಸ್ತೆಯಲ್ಲೇ ಈಗ ನಾನಿದ್ದೇನೆ. ಮಾವ ಸರ್ಕಾರಿ ಕೆಲಸದಲ್ಲಿದ್ದವರು. ಎಲ್ಲ ವಿಷಯದಲ್ಲೂ ಸಲಹೆ ಕೊಡುವವರು ಅವರೇ, ಸಲಹೆಯನ್ನು ನಡೆಸುವವಳು ಅತ್ತೆ. ಬಿಡು, ಹಸಿದ್ರೆ ಅವಳೇ ತಿಂತಾಳೆ ಎಂದು ಮಾವ ಪೇಪರಿನ ಹಿಂದಿನಿಂದ ಹೇಳಿದರು. ಅತ್ತೆ ಅಮ್ಮನನ್ನು ಒಳಗೆ ಕರೆದು ಏನೋ ಪಿಸುಗುಟ್ಟಿದಳು. ಮಧ್ಯಾಹ್ನ ಊಟಕ್ಕೆ ಎಲ್ಲರಿಗೂ ಮೀನು. ಬೆಳಿಗ್ಗೆ ಗಾಜನೂರಿನ ಡ್ಯಾಮಿನ ಕಡೆಯಿಂದ ತಂದದ್ದೆಂದು ಅತ್ತೆ ಹೇಳಿದಳು. ನನಗೆ ಅನ್ನ, ಅದರ ಮೇಲೆ ಹುರುಳಿ ಸಾರು. ಸಾರಿನ ಮೇಲೆ ಜಿಡ್ಡಿನ ಬಿಲ್ಲೆಗಳು, ದುಂಡಗೆ, ಒಂದಕ್ಕೊಂದು ಅಂಟದೆ ತೇಲುತ್ತಿದ್ದವು. ಒಗ್ಗರಣೆಯ ಎಣ್ಣೆ ಹಾಗೆ ತೇಲುವುದಿಲ್ಲ. ಮೂಳೆ ಬೇಯಿಸಿದ ನೀರಿನ ಗುರುತು ಅಪ್ಪನ ಅಸಿಸ್ಟೆಂಟಿಗೆ ತಿಳಿಯದೆ ಇರುತ್ತದೆಯೇ.

"ಬರೀ ಹುರುಳಿ ಕೂಸೆ. ಉಣ್ಣು," ಅತ್ತೆ ಅಂದಳು.

ನಾನು ಅಮ್ಮನನ್ನು ನೋಡಿದೆ. ಅಮ್ಮ ತನ್ನ ತಟ್ಟೆಯಲ್ಲಿ ಮೀನಿನ ಮುಳ್ಳು ಬಿಡಿಸುತ್ತಿದ್ದಳು. ಬಿಡಿಸಿದ್ದನ್ನೇ ಮತ್ತೆ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ಅಮ್ಮನೂ ಇದರಲ್ಲಿ ಸೇರಿದ್ದಾಳೆಂದು ಆಗ ನನಗೆ ಗೊತ್ತಾಯಿತು. ಎದ್ದು ಹೊರಗೆ ಹೋಗಿ ಮಾವನ ಕಾಂಪೌಂಡನ್ನು ಸುತ್ತಿದೆ, ಪೇರಲೆ ಮರ, ನೀರಿನ ತೊಟ್ಟಿ, ಗೇಟು, ಮತ್ತೆ ಪೇರಲೆ ಮರ. ಸ್ವಲ್ಪ ಹೊತ್ತಿಗೆ ಅಮ್ಮ ಎಂಜಲು ಕೈಯಲ್ಲೇ ಬಂದಳು. ನನ್ನ ಜೊತೆಗೆ ಅವಳೂ ಒಂದು ಸುತ್ತು ನಡೆದಳು.

"ನಿಂಗೆ ನಾವು ಬೇಡ್ವಾ?"

"ಬೇಕು."

"ಮತ್ತೆ?"

"ತಿನ್ನಲ್ಲ."

ಅಮ್ಮ ತೊಟ್ಟಿಯ ಹತ್ತಿರ ನಿಂತು ಕೈ ತೊಳೆದುಕೊಂಡಳು. ತುಂಬ ಹೊತ್ತು ತೊಳೆದಳು. ವಾಪಸು ಬರುವಾಗ ಬಸ್ಸಿನಲ್ಲಿ ಬಿಸಿ ಕಡಲೆಕಾಯಿ ಕೊಂಡು ಸುಲಿದು ಸುಲಿದು ನನ್ನ ಅಂಗೈಗೆ ಹಾಕುತ್ತಾ ಬಂದಳು. ಮಾರನೇ ಭಾನುವಾರ ಒಲೆಯ ಪಕ್ಕದಲ್ಲಿ ಒಂದು ಪುಟ್ಟ ಕುಡಿಕೆ ಕಂಡಿತು. ಒರಳಲ್ಲಿ ಒಂದೇ ಮಸಾಲೆ ರುಬ್ಬಿ, ಮುಕ್ಕಾಲು ಪಾಲನ್ನು ಮಾಂಸದ ಪಾತ್ರೆಗೆ, ಉಳಿದದ್ದನ್ನು ಕುಡಿಕೆಯಲ್ಲಿದ್ದ ಬದನೆಕಾಯಿಗೆ ಹಾಕಿದಳು. ಕುಡಿಕೆಗೆ ಬೇರೆ ಸೌಟು.

"ನಮ್ಮನೆ ಖಾರ ತಾನೇ," ಎಂದಳು, ನನಗೋ ಒಲೆಗೋ.

ಅವತ್ತು ಅಪ್ಪನ ಎಡಕ್ಕೆ, ಎಣ್ಣೆ ಕಲೆಯ ಕೆಳಗೆ ಕೂತೆ. ಯಾರೂ ಎಬ್ಬಿಸಲಿಲ್ಲ. ಆದರೂ ಅಜ್ಜಿಯ ಕುಟ್ಟಾಣಿ ಟಕ್ ಟಕ್ ಎನ್ನುತ್ತಲೇ ಇತ್ತು, ಹಬ್ಬ ಬರ್ಲಿ, ಹಬ್ಬ ಬರ್ಲಿ.

ಹಬ್ಬ ಬಂತು. ಅಪ್ಪ ಬೆಳಿಗ್ಗೆಯೇ ಬ್ಲೋಲ್ಯಾಂಪು ಹೊತ್ತಿಸಿದ. ಅಮ್ಮ ಕಡುಬು ಬೇಯಿಸಿದಳು. ಹೊತ್ತಿಳಿಯುವ ಹೊತ್ತಿಗೆ ನಡುಮನೆ ಸಾರಿಸಿ ಎಲೆ ಹಾಕಿದರು. ತಾತನ ಎಲೆಗೆ ಕೋಳಿ, ಬೀಡಿ, ಸಣ್ಣ ಲೋಟದಲ್ಲಿ ಬ್ರಾಂದಿ. ಚಂದ್ರಿಯ ಎಲೆಗೆ ಹಸಿರು ಗಾಜಿನ ಬಳೆ, ಕಡುಬು, ಬಟ್ಟಲಲ್ಲಿ ಕಾಲು ಸಾರು. ಧೂಪ ಹಾಕಿ, ದೀಪ ಹಚ್ಚಿ, ನಾವೆಲ್ಲ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು. ಒಳಗೆ ಅವರು ಉಣ್ಣುವ ತನಕ ಯಾರೂ ನೋಡಬಾರದು. ಹೊರಗಿನ ಮೆಟ್ಟಿಲ ಮೇಲೆ ಸಾಲಾಗಿ ಕೂತೆವು. ತಾತನ ಹೆಸರು ಹೊತ್ತ ಮಂಜ ಹಸಿವಿನಿಂದ ಬಾಗಿಲ ಸಂದಿಯನ್ನು ಮೂಸುತ್ತಿದ್ದ. ನಾನು ಮೆಟ್ಟಿಲು ಇಳಿದೆ, ಹತ್ತಿದೆ, ಮತ್ತೆ ಇಳಿದೆ. ಅಜ್ಜಿ ನನ್ನ ಲಂಗ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ಕಾಲಲ್ಲಿ ಚಕ್ರ ಇದೆಯೇನೇ? ಕೂತ್ಕೋ. ಈಗ ಹೇಳು. ಯಾಕೆ?"

ಅಷ್ಟು ದಿನಗಳಲ್ಲಿ ಮಂಜನೊಬ್ಬನನ್ನು ಬಿಟ್ಟು ಎಲ್ಲರೂ ನನ್ನನ್ನು ಕೇಳಿದ್ದರು. ಆದರೆ ಪ್ರತಿಯೊಬ್ಬರ ಪ್ರಶ್ನೆಯ ಬಾಲದಲ್ಲೂ ಒಂದು ಉತ್ತರ ಕಟ್ಟಿತ್ತು, ನಾಚಿಕೆನಾ, ಹೆದರಿಕೆನಾ, ಹರಕೆಯಾ ಎಂದು. ಬರೀ 'ಯಾಕೆ' ಎಂದು ಕೇಳಿ ಸುಮ್ಮನೆ ಕೂತವಳು ಅಜ್ಜಿಯೊಬ್ಬಳೇ. ಬಾಗಿಲು ಮುಚ್ಚಿತ್ತು, ಹೊರಗೆ ಮಾಡಲು ಯಾರಿಗೂ ಬೇರೆ ಕೆಲಸವಿರಲಿಲ್ಲ.

"ನೀನೇ ಹೇಳಿದ್ಯಲ್ಲ," ಎಂದೆ.

"ನಾನಾ? ನಾನೇನು ಹೇಳ್ದೆ?"

"ನನ್ನ ಕೂದ್ಲು ಸುಟ್ಟಾಗ. ಇವತ್ತೇ ಭಾನುವಾರ ಬಂತಾ ಅಂತ. ಮೂಸಿ ನೋಡ್ದೆ. ಅದೂ ನಾನೂ ಒಂದೇ ವಾಸನೆ."

ಮಂಜ ನಗಲು ಬಾಯಿ ತೆರೆದ. ಅಪ್ಪ ಅವನ ತೊಡೆಯ ಮೇಲೆ ಕೈಯಿಟ್ಟ. ಅಜ್ಜಿ ನಗಲಿಲ್ಲ. ನನ್ನ ಹಣೆಯ ಮೇಲೆ ಹೊಸದಾಗಿ ಬಂದಿದ್ದ ಗಿಡ್ಡ ಕೂದಲನ್ನು ಬೆರಳಲ್ಲಿ ಹಿಡಿದು ನೋಡಿದಳು.

"ಚಂದ್ರಿಗೆ ಹಾಲಿನ ಕೆನೆ ಆಗ್ತಿರ್ಲಿಲ್ಲ. ಕಂಡ್ರೆ ಓಡೋಳು. ಜ್ವರ ಬಂದಾಗ ಶಕ್ತಿ ಬರ್ಲಿ ಅಂತ ಕೆನೆ ಹಾಲೇ ಹಿಡ್ಕೊಂಡು ಕುಡ್ಸಿದ್ದೆ. ಯಾಕೆ ಆಗಲ್ಲ ಅಂತ ಕೇಳ್ಲೇ ಇಲ್ಲ ಕೂಸೆ. ಈಗ ಕೇಳೋಣ ಅಂದ್ರೆ ಬಾಗ್ಲು ಮುಚ್ಚಿದೆ."

ಹೀಗೆಂದು ಎದ್ದು, ಪದ್ಧತಿಯಂತೆ ಬಾಗಿಲ ಮುಂದೆ ಮೂರು ಸಲ ಕೆಮ್ಮಿ ತೆರೆದಳು. ಮಂಜ ತಾತನ ಎಲೆಯ ಮೇಲೆ ಬಿದ್ದ. ಅಜ್ಜಿ ನನ್ನನ್ನು ಚಂದ್ರಿಯ ಎಲೆಯ ಮುಂದೆ ಕೂರಿಸಿ, ತಾನು ಎದುರಿಗೆ, ಎಲೆಯ ಆಚೆ, ಚಂದ್ರಿ ಕೂರಬೇಕಾದ ಜಾಗದಲ್ಲಿ ಕೂತಳು. ಅಮ್ಮ ಗಾಬರಿಯಿಂದ ಅತ್ತೆ, ಅತ್ತೆ ಎಂದಳು. ಅಜ್ಜಿ ಕೈಯೆತ್ತಿ ಸುಮ್ಮನಿರಿಸಿದಳು.

"ಅವಳ ಹೆಸರು ಹೊತ್ತಿರೋ ಕೈ ಇದು. ಅವಳನ್ನ ಹೊತ್ತಿದ್ದ ಹೊಟ್ಟೆ ನಂದು. ಕೈ ನಿಂದಿರ್ಲಿ, ಬಾಯಿ ನಂದಿರ್ಲಿ. ಎತ್ತಿ ಇಡು."

ಬಟ್ಟಲಿಗೆ ಕೈ ಹಾಕಿದೆ. ಮೂಳೆ ಜಾರಿತು, ಮತ್ತೆ ಹಿಡಿದೆ. ವಾಸನೆ ಇತ್ತು. ನನ್ನ ಕೈಯಲ್ಲಿ, ನನ್ನ ಮನೆಯ ಖಾರದ ಜೊತೆ, ನನ್ನ ಅಪ್ಪ ಸುಟ್ಟ ಕಾಲಿನ ವಾಸನೆ. ಎದ್ದು ಓಡಬೇಕೆನ್ನಿಸಿತು, ಓಡಲಿಲ್ಲ. ಎಲೆಯ ಮೇಲಿಂದ ಕೈ ಚಾಚಿ ಅಜ್ಜಿಯ ಬಾಯಿಗಿಟ್ಟೆ. ಹಲ್ಲಿಲ್ಲದ ಬಾಯಿ. ಕಣ್ಣು ಮುಚ್ಚಿ, ನನ್ನ ಮುಂಗೈ ಹಿಡಿದುಕೊಂಡು, ಪುಟ್ಟ ಹುಡುಗಿಯ ಹಾಗೆ ಸದ್ದು ಮಾಡುತ್ತಾ ಚೀಪಿದಳು. ಆಮೇಲೆ ಕಣ್ಣು ಬಿಟ್ಟು, ಸೆರಗಿನಿಂದ ಮೊದಲು ನನ್ನ ಬೆರಳು ಒರೆಸಿ, ನಂತರ ತನ್ನ ಬಾಯಿ ಒರೆಸಿಕೊಂಡು ಮನೆಯವರಿಗೆ ಹೇಳಿದಳು:

"ತಿಂದ್ಲು. ಬನ್ನಿ, ಉಣ್ಣಾಣ."

ಮುಂದಿನ ಭಾನುವಾರದಿಂದ ಅಪ್ಪ ಪಂಪು ಹೊಡೆಯುವ ಮೊದಲು ಒಳಗಿನ ಕಡೆ ತಿರುಗಿ, "ಹೊತ್ತಿಸ್ತಾ ಇದೀನಿ," ಎಂದು ಒಂದು ಕೂಗು ಹಾಕುತ್ತಿದ್ದ. ನಾನು ಮುಂದಿನ ಮೆಟ್ಟಿಲಿಗೆ ಹೋಗಿ ಕೂರುತ್ತಿದ್ದೆ. ಆ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ. ಅಜ್ಜಿ ಇರುವ ತನಕ ಪ್ರತಿ ಹಬ್ಬಕ್ಕೂ ಕೈ ನನ್ನದು, ಬಾಯಿ ಅವಳದು. ಮದುವೆಯಾಗಿ ಬಂದ ಮನೆಯೂ ತಿನ್ನೋರ ಮನೆಯೇ. ಉಪ್ಪನ್ನು ನಾಲಿಗೆಗಿಡದೆ, ಹಬೆಯಲ್ಲೇ ನೋಡಿ, ನಾನು ಮಾಡಿದಷ್ಟು ಹದವಾಗಿ ಕಾಲು ಸಾರನ್ನು ಈ ರಸ್ತೆಯಲ್ಲಿ ಯಾರೂ ಮಾಡುವುದಿಲ್ಲ. ಯಾರಾದರೂ ನೀವು ತಿಂತೀರಾ ಎಂದು ಕೇಳಿದರೆ ಈಗಲೂ ನನ್ನ ಉತ್ತರ ಎರಡು ತುಂಡು: ನಾವು ತಿಂತೀವಿ, ನಾನು ತಿನ್ನಲ್ಲ.

ಉಕ್ಕಿದ ಹಾಲು ಒರೆಸಿ ಅಣ್ಣನಿಗೆ ಫೋನು ಮಾಡಿದೆ.

"ಪುಟ್ಟಿನ ಯಾಕೆ ಅಂತ ಕೇಳಿದ್ಯಾ?"

"ಕೇಳ್ದೆ. ಟೀವಿಲಿ ಏನಾದ್ರೂ ನೋಡಿದ್ಯಾ ಅಂದೆ, ಹೂಂ ಅಂದ್ಲು. ಸ್ಕೂಲಲ್ಲಿ ಮಿಸ್ ಏನಾದ್ರೂ ಹೇಳಿದ್ರಾ ಅಂದೆ, ಅದಕ್ಕೂ ಹೂಂ."

"ಅದು ಕೇಳಿದ್ದಲ್ಲ ಮಾರಾಯ. ಬರೀ ಯಾಕೆ ಅನ್ನು. ಅಂದು ಸುಮ್ನಿರು. ನಾನು ಫೋನ್ ಹಿಡ್ಕೊಂಡಿರ್ತೀನಿ."

ಅಣ್ಣನ ಚಪ್ಪಲಿಯ ಸದ್ದು ದೂರ ಹೋಯಿತು. ಟೀವಿಯ ಸದ್ದು ತಗ್ಗಿತು. ಅವನ ದನಿ, ಒಂದೇ ಪದ. ನಾನು ಫೋನು ಕಿವಿಗೊತ್ತಿಕೊಂಡು ಅಡುಗೆಮನೆಯಲ್ಲಿ ಆಚೆ ಈಚೆ ನಡೆದೆ. ಚಪ್ಪಲಿ ವಾಪಸು ಬಂತು.

"ಸುಮ್ನೆ ಅಂತಾಳೆ."

"ಸರಿ ಹಾಗಾದ್ರೆ. ಹಬ್ಬದ ದಿನ ಬಾಗ್ಲು ಹಾಕ್ಕೊಂಡು ಹೊರಗೆ ಕೂತಿರ್ತೀರಲ್ಲ, ಆಗ ಇನ್ನೊಂದ್ಸಲ ಕೇಳು."

"ಆಗ್ಲೂ ಸುಮ್ನೆ ಅಂದ್ರೆ? ಅಜ್ಜಿ ಎಡೆ ಏನು ಮಾಡ್ಲಿ?"

"ಕೈ ಅವಳ್ದಿರ್ಲಿ," ಎಂದೆ. "ನನ್ನ ಪೀಸೆಲ್ಲ ತಿಂದ ಬಾಯಿ ನಿಂದು ಇದ್ದೇ ಇದೆಯಲ್ಲ."